ಕಡಲ ಸೂಕ್ಷ್ಮಜೀವಿಗಳ ವರ್ಣ ಮತ್ತು ಅಂಗರಾಗ: ಐರೋಲಿಯ ನೆಲೆಯಿಂದ ಒಂದು ವಿವೇಚನೆ

ನವಿ ಮುಂಬಯಿಯ ಐರೋಲಿಯು ಥಾಣೆ ಹಿನ್ನೀರಿನ, ಸ್ಥಳೀಯರ ಮಾತಿನಲ್ಲಿ ಖಾಡಿಯ, ದಡದಲ್ಲಿದೆ. 2015ರಲ್ಲಿ ರಾಜಹಂಸಗಳ ಅಭಯಾರಣ್ಯವೆಂದು ಘೋಷಿತವಾದ ಈ ಜಲಪ್ರದೇಶವು 2022ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಇಲ್ಲಿಗೆ ಬರುವ ರಾಜಹಂಸದ ಗುಲಾಬಿ ವರ್ಣವು ಹುಟ್ಟಿನಿಂದ ಬಂದುದಲ್ಲ. ಮರಿಯ ಮೈ ಬೂದು. ಕೆಸರುನೀರಿನ ಸೂಕ್ಷ್ಮ ಪಾಚಿಗಳನ್ನೂ ಅವುಗಳನ್ನು ತಿಂದ ಕಿರುಜಲಚರಗಳನ್ನೂ ಸೋಸಿ ಉಂಡಂತೆ, ಅವುಗಳಲ್ಲಿನ ಕೆರೊಟಿನಾಯ್ಡುಗಳು ಗರಿಗಳನ್ನು ಸೇರುತ್ತವೆ. ಇದಕ್ಕಿಂತ ಕುತೂಹಲಕರವಾದುದನ್ನು ಸ್ಪೇನಿನ ಸಂಶೋಧಕರು 2010ರ ಸುಮಾರಿಗೆ ಪ್ರಕಟಿಸಿದರು. ದೊಡ್ಡ ರಾಜಹಂಸವು ಬಾಲದ ಬುಡದ ಗ್ರಂಥಿಯಿಂದ ಒಸರುವ ವರ್ಣಯುಕ್ತ ಸ್ರಾವವನ್ನು ಗರಿಗಳಿಗೆ ಸವರಿಕೊಳ್ಳುತ್ತದೆ. ಜೋಡಿಯನ್ನು ಆರಿಸಿಕೊಳ್ಳುವ ಕಾಲದಲ್ಲಿ ಇದು ಹೆಚ್ಚು. ಅಂಗರಾಗವೆಂಬ ಶಬ್ದಕ್ಕೆ ಹಕ್ಕಿಯೂ ಅರ್ಹವೆಂದಾಯಿತು!

ಸೂಕ್ಷ್ಮಜೀವಿಯ ಮಟ್ಟಿಗಾದರೋ ವರ್ಣವು ಆತ್ಮರಕ್ಷಣೆ. ಉಪ್ಪಿನ ಗದ್ದೆಗಳಲ್ಲಿ ಬದುಕುವ ಡುನಾಲಿಯೆಲ್ಲಾ ಸಲೀನಾ ಎಂಬ ಹಸಿರು ಪಾಚಿಯನ್ನು ಉದಾಹರಿಸಬಹುದು. ಬಿಸಿಲು ಪ್ರಖರವಾಗಿ, ಉಪ್ಪು ಏರಿ, ಸಾರಜನಕ ಕುಗ್ಗಿದಾಗ ಅದರ ಕೋಶವು ಬೀಟಾ ಕೆರೊಟಿನನ್ನು ಕೂಡಿಟ್ಟುಕೊಂಡು ಕಿತ್ತಳೆಗೆಂಪಾಗುತ್ತದೆ. ಒಣತೂಕದ ಹತ್ತನೆಯ ಒಂದು ಭಾಗದವರೆಗೂ ಈ ಸಂಗ್ರಹ ಏರಬಲ್ಲದು. ಹೆಚ್ಚಿನ ಬೆಳಕನ್ನು ತಡೆದು, ಹಾನಿಕರ ಆಮ್ಲಜನಕ ರೂಪಗಳನ್ನು ಶಮನಗೊಳಿಸುವ ಈ ಗುಣವೇ ಚರ್ಮಲೇಪನ ತಯಾರಕರನ್ನು ಸೆಳೆದಿದೆ. ಸ್ಪಿರುಲಿನಾದ ನೀಲವರ್ಣವಾದ ಫೈಕೊಸಯನಿನ್ ಸಹ ಬಳಕೆಯಲ್ಲಿದೆಯಾದರೂ ಬಿಸಿಗೂ ಬೆಳಕಿಗೂ ಅದು ಬೇಗ ಮಾಸುತ್ತದೆ. ಪ್ರಯೋಗಶಾಲೆಯಲ್ಲಿ ಕಂಡ ಗುಣ ಮನುಷ್ಯನ ಚರ್ಮದ ಮೇಲೂ ಅಷ್ಟೇ ಸಿದ್ಧಿಸುವುದೆಂದು ನಂಬಲು ಇನ್ನೂ ಆಧಾರ ಸಾಲದೆಂಬುದು ನಮ್ಮ ಅಭಿಪ್ರಾಯ.

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣ ಚಾಲುಕ್ಯ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ವಿಲೇಪನವನ್ನು ರಾಜೋಪಭೋಗಗಳ ಸಾಲಿನಲ್ಲಿಟ್ಟನು. ಅಂದಿನ ಪ್ರಸಾಧನಗಳಲ್ಲಿ ಮೆರೆದ ಕಸ್ತೂರಿಗಾಗಿ ಮೃಗವೇ ಪ್ರಾಣ ತೆರಬೇಕಿತ್ತು. ಪಾಚಿಯನ್ನು ಕೊಳಗಳಲ್ಲಿ ಮತ್ತೆ ಮತ್ತೆ ಬೆಳೆಸಿಕೊಳ್ಳಬಹುದು. ಆಸ್ಟ್ರೇಲಿಯದಲ್ಲಿ ಡುನಾಲಿಯೆಲ್ಲಾ ಕೃಷಿಯು ಬೇಸಾಯದ ಭೂಮಿಯನ್ನು ಕಬಳಿಸದೆ ಉಪ್ಪುನೀರಿನಲ್ಲೇ ನಡೆದಿದೆ. ಆದರೆ ಕೊಯ್ಲು ಮಾಡಿ, ಒಣಗಿಸಿ, ವರ್ಣವನ್ನು ಬೇರ್ಪಡಿಸಲು ತಗಲುವ ಇಂಧನ ಮತ್ತು ದ್ರಾವಕಗಳನ್ನು ಲೆಕ್ಕಕ್ಕೆ ಹಿಡಿಯದೆ ಇದನ್ನು ಪರಿಸರಸ್ನೇಹಿ ಎನ್ನಲಾಗದು.

ಥಾಣೆಯ ಖಾಡಿಯಿಂದಲೇ ಪಾಚಿಯನ್ನು ಬಾಚುವುದಂತೂ ಎರಡು ಕಾರಣಗಳಿಂದ ಸಲ್ಲದು. ಅದು ಹಕ್ಕಿಗಳ ಆಹಾರ. ಮೇಲಾಗಿ ಥಾಣೆ–ಬೇಲಾಪುರ ಕೈಗಾರಿಕಾ ವಲಯದ ತ್ಯಾಜ್ಯವನ್ನು ದಶಕಗಳಿಂದ ಕಂಡ ನೀರದು, ಸೂಕ್ಷ್ಮಜೀವಿಗಳು ಭಾರಲೋಹಗಳನ್ನು ಹೀರಿಕೊಳ್ಳುತ್ತವೆ. ತಳಿಯನ್ನು ಪ್ರತ್ಯೇಕಿಸಲು ಒಂದು ಸೀಸೆ ನೀರು ಸಾಕು. ಮುಂದಿನದೆಲ್ಲ ತೊಟ್ಟಿಗಳಲ್ಲಿ ಆಗತಕ್ಕದ್ದು. ಅಭಯಾರಣ್ಯದೊಳಗಿನ ಆ ಒಂದು ಸೀಸೆಗೂ ಅರಣ್ಯ ಇಲಾಖೆಯ ಅನುಮತಿ ಬೇಕು.