ಚೋಮನ ದುಡಿ, ಸಿದ್ದಿಗಳ ಡಮಾಮಿ

ಸೆನೆಗಲ್ ದೇಶದ ಡಕಾರ್ ನಗರದ ಬಡ ಹುಡುಗಿ ದಿವಾನಾ. ಫ್ರೆಂಚ್ ದಂಪತಿಯ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಾಗ ಅವಳ ಸಂಭ್ರಮಕ್ಕೆ ಪಾರವಿಲ್ಲ. ಮುಂದೆ ಅದೇ ದಂಪತಿ ಅವಳನ್ನು ಫ್ರಾನ್ಸಿಗೆ ಕರೆಸಿಕೊಳ್ಳುತ್ತಾರೆ. ಅಲ್ಲಿ ಅವಳು ಕಾಣುವುದು ಅಡುಗೆಮನೆ, ಬಚ್ಚಲುಮನೆ ಮತ್ತು ಒಂದು ಕಿಟಕಿ. ಮಕ್ಕಳನ್ನು ಆಡಿಸಲು ಬಂದವಳು ಅಡುಗೆಯವಳಾಗಿ, ನೆಲ ಒರೆಸುವವಳಾಗಿ ಉಳಿಯುತ್ತಾಳೆ. ಕೊನೆಗೆ ಆ ಮನೆಯಲ್ಲಿಯೇ ತನ್ನ ಜೀವವನ್ನು ಕೊನೆಗಾಣಿಸಿಕೊಳ್ಳುತ್ತಾಳೆ. ಯಜಮಾನ ಅವಳ ಸಾಮಾನು ಮತ್ತು ಬಾಕಿ ಸಂಬಳದೊಂದಿಗೆ ಡಕಾರ್‌ಗೆ ಬಂದಾಗ ತಾಯಿ ಹಣವನ್ನು ಮುಟ್ಟುವುದಿಲ್ಲ. ದಿವಾನಾ ಒಮ್ಮೆ ಉಡುಗೊರೆಯಾಗಿ ಕೊಟ್ಟಿದ್ದ ಮುಖವಾಡವನ್ನು ಧರಿಸಿದ ಪುಟ್ಟ ಹುಡುಗನೊಬ್ಬ ಆ ಯಜಮಾನನ ಹಿಂದೆಯೇ ನಡೆಯುತ್ತಾನೆ; ಆತ ಬೆದರಿ ಹೆಜ್ಜೆ ಚುರುಕುಗೊಳಿಸುತ್ತಾನೆ.

ಇದು ಉಸ್ಮಾನ್ ಸೆಂಬೆನ್ 1966ರಲ್ಲಿ ನಿರ್ಮಿಸಿದ ‘ಬ್ಲ್ಯಾಕ್ ಗರ್ಲ್’ ಚಿತ್ರದ ಕಥೆ. ಸುಮಾರು ಒಂದು ಗಂಟೆಯ ಈ ಚಿತ್ರವನ್ನು ಜಯನಗರದಲ್ಲೋ ಜೆ.ಪಿ. ನಗರದಲ್ಲೋ ಕುಳಿತು ನೋಡುವವರಿಗೆ ಅದು ದೂರದ ಕಥೆಯೆನಿಸಲಾರದು. ಊಟ, ವಸತಿ ಕೊಟ್ಟು ಮನೆಯಲ್ಲಿ ಇರಿಸಿಕೊಂಡ ಕೆಲಸದ ಹುಡುಗಿ ನಮ್ಮ ಅಪಾರ್ಟ್‌ಮೆಂಟುಗಳಿಗೆ ಅಪರಿಚಿತಳೇನಲ್ಲ. ಅವಳು ಕಂಡ ಬೆಂಗಳೂರು ಎಷ್ಟು ದೊಡ್ಡದು ಎಂದು ನಾವು ಯಾವತ್ತಾದರೂ ಕೇಳಿದ್ದೇವೆಯೇ?

ಆಫ್ರಿಕಾದಿಂದ ಬಲವಂತವಾಗಿಯೋ ಬದುಕನ್ನು ಅರಸಿಕೊಂಡೋ ಹೊರಟು, ಅಮೆರಿಕ, ಕೆರಿಬಿಯನ್ ದ್ವೀಪಗಳು ಮತ್ತು ಯುರೋಪಿನಲ್ಲಿ ನೆಲೆಸಿದ ಜನರ ಬದುಕನ್ನು ಹೇಳುವ ಸ್ವತಂತ್ರ ಚಿತ್ರಗಳ ಒಂದು ದೊಡ್ಡ ಪರಂಪರೆಯೇ ಇದೆ. ಈ ಚಿತ್ರಗಳಿಗಾಗಿಯೇ ನ್ಯೂಯಾರ್ಕಿನಲ್ಲಿ ದಂಪತಿಯೊಂದು 1993ರಲ್ಲಿ ಚಿತ್ರೋತ್ಸವವೊಂದನ್ನು ಆರಂಭಿಸಿತು. ಆಫ್ರಿಕನ್ ಡಯಾಸ್ಪೊರಾ ಅಂತರರಾಷ್ಟ್ರೀಯ ಚಿತ್ರೋತ್ಸವವೆಂಬ ಹೆಸರಿನ ಅದರ ಪ್ರದರ್ಶನಗಳಿಗೆ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜು ನೆಲೆಯೊದಗಿಸಿದೆ. ಮುಂದೆ ಶಾಲೆಗಳಲ್ಲಿ ಪಾಠ ಹೇಳಲಿರುವವರು ಕಲಿಯುವ ಜಾಗದಲ್ಲೇ ಈ ಚಿತ್ರಗಳು ತೆರೆಕಾಣುವುದು ಅರ್ಥಪೂರ್ಣವಾಗಿದೆ.

ಇಂತಹ ಉತ್ಸವಕ್ಕೆ ವಿಶ್ವವಿದ್ಯಾಲಯವೇ ಏಕೆ ಬೇಕು? ಉತ್ತರ ಈ ಚಿತ್ರಗಳ ಹುಟ್ಟಿನಲ್ಲೇ ಇದೆ. 1965ರಲ್ಲಿ ಲಾಸ್ ಏಂಜಲೀಸ್ ನಗರದ ವಾಟ್ಸ್ ಬಡಾವಣೆಯಲ್ಲಿ ಕಪ್ಪು ಜನರ ಆಕ್ರೋಶ ಸಿಡಿದೆದ್ದಿತು. ಅನಂತರದ ವರ್ಷಗಳಲ್ಲಿ ಅಲ್ಲಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಚಲನಚಿತ್ರ ವಿಭಾಗದ ಬಾಗಿಲು ಕಪ್ಪು ಹಾಗೂ ಇತರ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಹೆಚ್ಚು ತೆರೆಯಿತು. ಹೀಗೆ ಒಳಬಂದವರಲ್ಲಿ ಚಾರ್ಲ್ಸ್ ಬರ್ನೆಟ್, ಇಥಿಯೋಪಿಯದಿಂದ ಬಂದ ಹೈಲೆ ಗೆರಿಮಾ ಮತ್ತು ಜೂಲಿ ಡ್ಯಾಶ್ ಇದ್ದರು.

ಬರ್ನೆಟ್ ತನ್ನ ಸ್ನಾತಕೋತ್ತರ ಪದವಿಗಾಗಿ ಸಿದ್ಧಪಡಿಸಿದ ಚಿತ್ರ ‘ಕಿಲ್ಲರ್ ಆಫ್ ಶೀಪ್’. ಕಸಾಯಿಖಾನೆಯಲ್ಲಿ ದುಡಿದು ದಣಿದ ಒಬ್ಬ ಗೃಹಸ್ಥನ ದಿನಚರಿಯೇ ಅದರ ವಸ್ತು. ಆತ ಗೆಳೆಯನೊಡನೆ ಸೇರಿ ಹಳೆಯ ಎಂಜಿನ್ ಒಂದನ್ನು ಕೊಳ್ಳುತ್ತಾನೆ. ಏದುಸಿರು ಬಿಡುತ್ತ ಅದನ್ನು ಮೆಟ್ಟಿಲಿಳಿಸಿ ಗಾಡಿಗೇರಿಸುತ್ತಾರೆ. ಗಾಡಿ ಹೊರಟೊಡನೆ ಎಂಜಿನ್ ಕೆಳಗುರುಳಿ ಹಾಳಾಗುತ್ತದೆ. ಬಡವನ ಉಳಿತಾಯಕ್ಕೆ ಏನಾಗುತ್ತದೆ ಎಂಬುದನ್ನು ಇದಕ್ಕಿಂತ ಸರಳವಾಗಿ ಹೇಳಲಾಗದು. ಈ ಚಿತ್ರಕ್ಕೆ ತಗುಲಿದ್ದು 10 ಸಾವಿರ ಡಾಲರ್‌ಗಿಂತ ಕಡಿಮೆ. ಅದರಲ್ಲಿ ಬಳಸಿದ ಹಾಡುಗಳ ಹಕ್ಕನ್ನು ಕೊಳ್ಳಲು ಹಣವಿಲ್ಲದೆ, 1970ರ ದಶಕದ ಚಿತ್ರ ಚಿತ್ರಮಂದಿರಗಳಲ್ಲಿ ವಿಧಿವತ್ತಾಗಿ ಬಿಡುಗಡೆಯಾದದ್ದು 2007ರಲ್ಲಿ! ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಅದು ಸೇರಿದ್ದು 1990ರಲ್ಲಿ. ಎಂದರೆ, ದೇಶದ ಸಾಂಸ್ಕೃತಿಕ ಸಂಪತ್ತೆಂದು ಮಾನ್ಯವಾದ ಚಿತ್ರಕ್ಕೂ ಮಾರುಕಟ್ಟೆಯಲ್ಲಿ ಜಾಗವಿರಲಿಲ್ಲ.

ಗೆರಿಮಾನ ಕಥೆಯೂ ಭಿನ್ನವಲ್ಲ. ಗುಲಾಮಗಿರಿಯನ್ನು ಕುರಿತ ಆತನ ‘ಸಂಕೋಫಾ’ (1993) ಚಿತ್ರಕ್ಕೆ ವಿತರಕರು ಮುಂದೆ ಬರದಿದ್ದಾಗ ಆತನೇ ಊರೂರುಗಳಲ್ಲಿ ಚಿತ್ರಮಂದಿರ ಬಾಡಿಗೆಗೆ ಹಿಡಿದು ತೋರಿಸಿದ. ಕನ್ನಡದಲ್ಲಿ ಹೊಸ ಅಲೆಯ ಚಿತ್ರಗಳನ್ನು ಮಾಡಿದವರಿಗೆ ಈ ಪಾಡು ಚೆನ್ನಾಗಿ ಗೊತ್ತು.

ಇಷ್ಟನ್ನು ಓದಿದವರು ಕೇಳಬಹುದು: ಅಮೆರಿಕದ ಕಪ್ಪು ಜನರ ಚಿತ್ರಗಳಿಗೂ ನಮಗೂ ಏನು ಸಂಬಂಧ? ಬನಶಂಕರಿಯ ಪ್ರೇಕ್ಷಕ ಇವನ್ನೇಕೆ ನೋಡಬೇಕು?

ಸಂಬಂಧವನ್ನು ಹುಡುಕಲು ಅಟ್ಲಾಂಟಿಕ್ ಸಾಗರವನ್ನು ದಾಟಬೇಕಾಗಿಲ್ಲ. ಯಲ್ಲಾಪುರದವರೆಗೆ ಹೋದರೆ ಸಾಕು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ಮುಂತಾದ ತಾಲ್ಲೂಕುಗಳ ಕಾಡಿನಂಚಿನಲ್ಲಿ ಬದುಕುತ್ತಿರುವ ಸಿದ್ದಿಗಳು ಆಫ್ರಿಕಾ ಮೂಲದ ಕನ್ನಡಿಗರು. ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಗೋವಾಕ್ಕೆ ಗುಲಾಮರನ್ನಾಗಿ ತಂದವರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಹೈದರಾಬಾದಿನ ವಿಜ್ಞಾನಿಗಳು ಪಾಲ್ಗೊಂಡು 2011ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೂ ಸಿದ್ದಿಗಳ ಮೂಲವನ್ನು ಆಫ್ರಿಕಾದ ಬಂಟು ಜನರಲ್ಲಿ ಗುರುತಿಸಿದೆ. ಇಂದು ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮನೆಯೊಳಗೆ ಕೊಂಕಣಿಯ ಒಂದು ರೂಪ, ಹೊರಗೆ ಕನ್ನಡ. ಈ ಜಿಲ್ಲೆಯ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ, ಎಂದರೆ ಸ್ವಾತಂತ್ರ್ಯ ಬಂದು ಅರ್ಧ ಶತಮಾನ ಕಳೆದ ಮೇಲೆ. ಆ ಸಮುದಾಯದಿಂದ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡದ್ದು 2020ರಲ್ಲಿ.

ಆಫ್ರಿಕಾದಿಂದ ಬಂದವರೆಲ್ಲ ಅರಣ್ಯವಾಸಿಗಳಾಗಿಯೇ ಇದ್ದರೆಂದಲ್ಲ. ದಖ್ಖನ್ನಿನ ಸುಲ್ತಾನರ ಆಸ್ಥಾನಗಳಲ್ಲಿ ‘ಹಬಶಿ’ಗಳೆಂದು ಕರೆಸಿಕೊಂಡ ಆಫ್ರಿಕನ್ನರು ಸೇನಾನಿಗಳಾಗಿ, ಮಂತ್ರಿಗಳಾಗಿ ಮೆರೆದರು. ಗುಲಾಮನಾಗಿ ಬಂದ ಮಲಿಕ್ ಅಂಬರ್ ಅಹ್ಮದ್‌ನಗರದ ಆಡಳಿತ ಸೂತ್ರ ಹಿಡಿದು ಮೊಗಲರನ್ನು ಕಾಡಿದ. ವಿಜಾಪುರದ ಆದಿಲಶಾಹಿ ದರ್ಬಾರಿನಲ್ಲಿ ಇಖ್ಲಾಸ್ ಖಾನ್ ಪ್ರಬಲನಾಗಿದ್ದ. ಪ್ರವಾಸಕ್ಕೆಂದು ವಿಜಾಪುರಕ್ಕೆ ಹೋಗಿ ಗೋಳಗುಮ್ಮಟದಲ್ಲಿ ಕೂಗಿ ಪ್ರತಿಧ್ವನಿ ಕೇಳಿ ಬಂದ ನಮ್ಮಲ್ಲಿ ಎಷ್ಟು ಮಂದಿಗೆ ಈ ಹೆಸರುಗಳು ಗೊತ್ತು?

ಸಿದ್ದಿಗಳನ್ನು ನಮ್ಮ ವ್ಯವಸ್ಥೆ ನೋಡಿದ ಬಗೆಯೂ ಯೋಚಿಸುವಂಥದ್ದು. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಸಿದ್ದಿ ಮಕ್ಕಳನ್ನು ಆರಿಸಿ ಅಥ್ಲೆಟಿಕ್ಸ್ ತರಬೇತಿ ಕೊಡುವ ಯೋಜನೆ ಕೈಗೊಂಡಿತು. ಆಫ್ರಿಕಾ ಮೂಲದ ಮೈಕಟ್ಟು ದೇಶಕ್ಕೆ ಪದಕ ತಂದೀತೆಂಬ ನಿರೀಕ್ಷೆ ಅದರ ಹಿಂದಿತ್ತು. ಕೆಲವು ಮಕ್ಕಳು ಚೆನ್ನಾಗಿಯೇ ಓಡಿದರು. ಆದರೆ 1990ರ ದಶಕದ ಆರಂಭದಲ್ಲಿ ಯೋಜನೆ ನಿಂತುಹೋಯಿತು. ಮಕ್ಕಳು ಊರಿಗೆ ಮರಳಿದರು.

ಇದಕ್ಕೆ ವ್ಯತಿರಿಕ್ತವಾಗಿ, ಅದೇ ದಶಕದಲ್ಲಿ ಹೆಗ್ಗೋಡಿನ ನೀನಾಸಂ ಇನ್ನೊಂದು ದಾರಿ ಹಿಡಿದಿತ್ತು. ಚಿನುವಾ ಅಚೆಬೆಯ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿಯ ರಂಗರೂಪವನ್ನು ಚಿದಂಬರರಾವ್ ಜಂಬೆ ಅವರು ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯ ಸಿದ್ದಿಗಳಿಂದ ಆಡಿಸಿದರು. ನೈಜೀರಿಯದ ಹಳ್ಳಿಯೊಂದು ವಸಾಹತುಶಾಹಿಯ ಹೊಡೆತಕ್ಕೆ ಚೂರಾದ ಕಥೆಯನ್ನು, ಆಫ್ರಿಕಾವನ್ನು ಕಂಡಿರದ ಅದರ ಮಕ್ಕಳು ಕನ್ನಡದಲ್ಲಿ ಅಭಿನಯಿಸಿದರು. ನಾವು ಇಂದು ಬಯಸುತ್ತಿರುವ ಉತ್ಸವದ ಬೀಜ ಇಲ್ಲಿದೆ. ರಂಗಭೂಮಿಯ ಆ ನಂಟಿನ ಫಲವನ್ನು ಚಿತ್ರರಂಗವೂ ಉಂಡಿದೆ. ‘ಪರಮಾತ್ಮ’ (2011) ಚಿತ್ರದಿಂದ ಪ್ರಶಾಂತ್ ಸಿದ್ದಿ ಮನೆಮಾತಾದರು. ‘ಸಲಗ’ (2021) ಚಿತ್ರದಲ್ಲಿ ಗಿರಿಜಾ ಸಿದ್ದಿ ಮತ್ತು ಗೀತಾ ಸಿದ್ದಿ ದನಿಗೂಡಿಸಿದ ಹಾಡಿಗೆ ನಾಡಿನ ಯುವಜನರೆಲ್ಲ ಕುಣಿದರು.

ಆದರೆ ಹಾಡಿಗೆ ಕುಣಿದವರು ಹಾಡಿದವರ ಊರನ್ನು ಕೇಳಲಿಲ್ಲ. ಸಿದ್ದಿಗಳ ಬದುಕನ್ನೇ ನಡುವೆ ಇಟ್ಟುಕೊಂಡ ಕಥಾಚಿತ್ರಕ್ಕಾಗಿ ನಾವು ನ್ಯೂಯಾರ್ಕಿನಲ್ಲಿ ನೆಲೆಸಿದ ಮಲಯಾಳಿ ನಿರ್ದೇಶಕ ಜಯನ್ ಚೆರಿಯನ್ ಅವರ ‘ರಿದಮ್ ಆಫ್ ದಮ್ಮಾಮ್’ ಬರುವವರೆಗೆ ಕಾಯಬೇಕಾಯಿತು. ತೀರಿಕೊಂಡ ಅಜ್ಜನ ಚೇತನದಿಂದ ಕಾಡಲ್ಪಡುವ ಸಿದ್ದಿ ಹುಡುಗನೊಬ್ಬನ ಕಥೆ ಅದು. ಪಾತ್ರ ವಹಿಸಿದವರಲ್ಲಿ ಸಿದ್ದಿಗಳೇ ಇದ್ದಾರೆ. 2024ರಲ್ಲಿ ಆ ಚಿತ್ರ ಪ್ರದರ್ಶನಗೊಂಡದ್ದು ಗೋವಾದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ. ಯಾವ ನೆಲದಲ್ಲಿ ತಮ್ಮ ಹಿರಿಯರನ್ನು ಮಾರಲಾಗಿತ್ತೋ ಅದೇ ನೆಲದ ಬೆಳ್ಳಿತೆರೆಯ ಮೇಲೆ ಸಿದ್ದಿಗಳು ಕಾಣಿಸಿಕೊಂಡರು!

ಈ ಚಿತ್ರವನ್ನು ಜೂಲಿ ಡ್ಯಾಶ್ ಅವರ ‘ಡಾಟರ್ಸ್ ಆಫ್ ದ ಡಸ್ಟ್’ (1991) ಚಿತ್ರದ ಜೊತೆಗೆ ನೋಡಬೇಕು. ಅಮೆರಿಕದ ಕರಾವಳಿ ದ್ವೀಪದಲ್ಲಿ ವಾಸಿಸುವ, ಗುಲಾಮರ ವಂಶದ ಕುಟುಂಬವೊಂದು 1902ರಲ್ಲಿ ಉತ್ತರದ ನಗರಗಳಿಗೆ ಹೊರಟು ನಿಂತಿದೆ. ಹಿರಿಯ ಮುತ್ತಜ್ಜಿ ಪೂರ್ವಜರ ನೆನಪನ್ನು ಬಿಡಲೊಲ್ಲಳು. ಕಿರಿಯರಿಗೆ ಅದು ಹೊರೆ. ಹಿರಿಯರನ್ನು ಪೂಜಿಸುತ್ತ, ಡಮಾಮಿಯ ಬಡಿತಕ್ಕೆ ಕುಣಿಯುತ್ತ, ಅದೇ ಹೊತ್ತಿಗೆ ಮಕ್ಕಳನ್ನು ಓದಿಸಲು, ಕೆಲಸಕ್ಕೆ ಕಳಿಸಲು ಊರು ಬಿಡಿಸುತ್ತಿರುವ ಸಿದ್ದಿ ಮನೆಗಳ ಇಕ್ಕಟ್ಟೂ ಇದೇ. ಎರಡು ಸಾಗರಗಳ ಆಚೀಚೆ ಇರುವ ಒಂದೇ ಮೂಲದ ಜನರ ಈ ಎರಡು ಚಿತ್ರಗಳನ್ನು ಒಂದೇ ಸಂಜೆ ತೋರಿಸಿ, ಯಲ್ಲಾಪುರದಿಂದ ಬಂದ ಯುವಕರನ್ನು ಚರ್ಚೆಗೆ ಕೂರಿಸಿದರೆ, ಅದಕ್ಕಿಂತ ದೊಡ್ಡ ಪಾಠ ಯಾವ ತರಗತಿಯಲ್ಲಿ ಸಿಕ್ಕೀತು?

ಬೆಂಗಳೂರಿಗೆ ಈ ಪಾಠದ ಅಗತ್ಯ ಹೆಚ್ಚೇ ಇದೆ. ಇಲ್ಲಿನ ಕಾಲೇಜುಗಳಿಗೆ ಆಫ್ರಿಕಾದ ನಾನಾ ದೇಶಗಳಿಂದ ವಿದ್ಯಾರ್ಥಿಗಳು ಬರುತ್ತಾರೆ. 2016ರ ಜನವರಿ 31ರಂದು ಹೆಸರಘಟ್ಟ ರಸ್ತೆಯಲ್ಲಿ ಸುಡಾನ್ ದೇಶದ ವಿದ್ಯಾರ್ಥಿಯೊಬ್ಬನ ಕಾರು ಹಾಯ್ದು ಮಹಿಳೆಯೊಬ್ಬರು ಮೃತಪಟ್ಟರು. ಆ ಬಳಿಕ ಅಲ್ಲಿಗೆ ಬಂದ ಟಾಂಜಾನಿಯದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ನಡೆಸಿ, ಅವಳಿದ್ದ ಕಾರಿಗೆ ಬೆಂಕಿಯಿಟ್ಟಿತು. ಅಪಘಾತಕ್ಕೂ ಅವಳಿಗೂ ಇದ್ದ ಸಂಬಂಧ ಮೈಬಣ್ಣದ್ದು ಮಾತ್ರ. ಅದು ಊರ ಹೊರಗಿನ ಪುಂಡರ ಕೃತ್ಯವೆಂದು ದಕ್ಷಿಣ ಬೆಂಗಳೂರಿನ ನಾವು ಕೈತೊಳೆದುಕೊಳ್ಳುವಂತಿಲ್ಲ. ಮನೆ ಬಾಡಿಗೆಗೆ ಕೇಳಿ ಬಂದ ಆಫ್ರಿಕನ್ ಹುಡುಗನಿಗೆ ‘ಮನೆ ಈಗಾಗಲೇ ಹೋಯಿತು’ ಎಂದು ನಯವಾಗಿ ಹೇಳುವವರು ಓದಿಕೊಂಡ ಸಭ್ಯರೇ. ಕಲ್ಲೆತ್ತುವ ಕೈಯನ್ನು ಪೊಲೀಸರು ಹಿಡಿಯಬಹುದು. ಮುಗುಳ್ನಗುತ್ತ ಬಾಗಿಲು ಮುಚ್ಚುವ ಕೈಯನ್ನು ಯಾವ ಕಾನೂನು ಹಿಡಿದೀತು?

ಸಿನಿಮಾ ನೋಡಿದೊಡನೆ ಪೂರ್ವಗ್ರಹ ಕರಗಿಬಿಡುತ್ತದೆ ಎಂಬ ಭ್ರಮೆ ಬೇಡ. ದೂರದವರ ನೋವಿಗೆ ಕಣ್ಣೀರಿಡುವುದು ಸುಲಭ, ಹತ್ತಿರದವರ ನೋವಿಗೆ ಕಿವಿಗೊಡುವುದು ಕಷ್ಟ. ಆದ್ದರಿಂದಲೇ ಇಂತಹ ಉತ್ಸವ ನಮ್ಮಲ್ಲಿ ನಡೆಯುವುದಾದರೆ ಅದರಲ್ಲಿ ಕನ್ನಡದ ಚಿತ್ರವೂ ಇರಬೇಕು. ಬನಶಂಕರಿ ಎರಡನೇ ಹಂತದಲ್ಲಿರುವ ಸುಚಿತ್ರ ಫಿಲ್ಮ್ ಸೊಸೈಟಿ 1971ರಿಂದ ಈ ಭಾಗದ ಜನರಿಗೆ ಜಗತ್ತಿನ ಸಿನಿಮಾ ತೋರಿಸುತ್ತ ಬಂದಿದೆ. ಅದು ಇರುವ ರಸ್ತೆಗೆ ಬಿ.ವಿ. ಕಾರಂತರ ಹೆಸರಿದೆ. ಶಿವರಾಮ ಕಾರಂತರ ಕಾದಂಬರಿಯನ್ನು ಆಧರಿಸಿ 1975ರಲ್ಲಿ ‘ಚೋಮನ ದುಡಿ’ ಚಿತ್ರವನ್ನು ನಿರ್ದೇಶಿಸಿದವರು ಅವರೇ. ಉಳುವ ಆಸೆಯಿದ್ದೂ, ಹುಟ್ಟಿದ ಜಾತಿಯ ಕಾರಣಕ್ಕೆ ಅಂಗೈಯಗಲ ಹೊಲವೂ ದಕ್ಕದ ಚೋಮ ತನ್ನ ಸಂಕಟವನ್ನೆಲ್ಲ ದುಡಿಯ ಮೇಲೆ ಬಡಿಯುತ್ತಾನೆ. ಅವನ ದುಡಿಗೂ ಸಿದ್ದಿಗಳ ಡಮಾಮಿಗೂ ಅಂತರ ಬಹಳವಿಲ್ಲ. ಬಣ್ಣದ ಹೆಸರಿನ ಅನ್ಯಾಯವನ್ನು ನೋಡಿ ಮರುಗುವ ಪ್ರೇಕ್ಷಕನಿಗೆ ಜಾತಿಯ ಹೆಸರಿನ ಅನ್ಯಾಯವೂ ಅದೇ ಪರದೆಯ ಮೇಲೆ ಕಾಣಬೇಕು.

ಜಯನಗರ, ಬನಶಂಕರಿ, ಬಿ.ಟಿ.ಎಂ. ಲೇಔಟ್ ಸುತ್ತಮುತ್ತ ಕಾಲೇಜುಗಳಿಗೆ, ವಿಶ್ವವಿದ್ಯಾಲಯಗಳಿಗೆ ಕೊರತೆಯಿಲ್ಲ. ಪತ್ರಿಕೋದ್ಯಮ, ಸಮಾಜಶಾಸ್ತ್ರ, ಸಾಹಿತ್ಯ ವಿಭಾಗಗಳು ಇವೆ, ಸಭಾಂಗಣಗಳು ಇವೆ. ಅವುಗಳಲ್ಲೊಂದು, ಚಿತ್ರ ಸಮಾಜದ ಜೊತೆಗೂಡಿ ವರ್ಷಕ್ಕೆ ನಾಲ್ಕು ದಿನ ಇದಕ್ಕಾಗಿ ಮೀಸಲಿಡುವುದು ದೊಡ್ಡ ಖರ್ಚಿನ ಬಾಬತ್ತೇನಲ್ಲ. ಚಿತ್ರಗಳಿಗೆ ಕನ್ನಡ ಉಪಶೀರ್ಷಿಕೆ ಬರೆಯುವ ಕೆಲಸವನ್ನು ಭಾಷಾ ವಿಭಾಗದ ವಿದ್ಯಾರ್ಥಿಗಳೇ ಮಾಡಬಹುದು. ಆಫ್ರಿಕಾದಿಂದ ಬಂದಿರುವ ಸಹಪಾಠಿಗಳು ತಮ್ಮ ನಾಡಿನ ಚಿತ್ರಗಳನ್ನು ಪರಿಚಯಿಸಬಹುದು. ‘ಸಾಂಸ್ಕೃತಿಕ ದಿನ’ದಂದು ವೇಷ ತೊಟ್ಟು ಕುಣಿಯುವುದಕ್ಕಿಂತ ಅದು ಅವರಿಗೆ ಹೆಚ್ಚು ಗೌರವದ ಕೆಲಸ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿವರ್ಷ ಇಬ್ಬರೋ ಮೂವರೋ ಸಿದ್ದಿ ಯುವಕ ಯುವತಿಯರಿಗೆ ಚಲನಚಿತ್ರ ತರಬೇತಿಯ ವಿದ್ಯಾರ್ಥಿವೇತನ ದೊರೆಯಬೇಕು. ಬರ್ನೆಟ್‌ನಂಥವನು ತನ್ನ ಬಡಾವಣೆಯ ಕಥೆ ಹೇಳಲು ಸಾಧ್ಯವಾದದ್ದು ವಿಶ್ವವಿದ್ಯಾಲಯವೊಂದು ಅವನ ಕೈಗೆ ಕ್ಯಾಮೆರಾ ಕೊಟ್ಟದ್ದರಿಂದ.

ಇಲ್ಲಿಯವರೆಗೆ ಸಿದ್ದಿಗಳನ್ನು ಓಡಿಸಿದ್ದೇವೆ, ಕುಣಿಸಿದ್ದೇವೆ, ಚಿತ್ರೀಕರಿಸಿದ್ದೇವೆ. ಅವರು ನಮ್ಮನ್ನು ಚಿತ್ರೀಕರಿಸಿದರೆ ನಾವು ಹೇಗೆ ಕಂಡೇವು ಎಂಬ ಕುತೂಹಲವಾದರೂ ನಮಗೆ ಇರಬೇಡವೇ?