ಮೂರ್ಛೆ ಹೋದರೆ ಸತ್ತಂತೆಯೇ?

ಪ್ರಶ್ನೆ: ಅಭಿಮಾನಿಗಳೇ ತಯಾರಿಸಿದ ಪೊಕೆಮಾನ್ ಆಟಗಳಲ್ಲಿ ‘ನಜ್‌ಲಾಕ್’ ಎಂಬ ಆಯ್ಕೆ ಇರುತ್ತದಂತೆ. ಏನದು?

ಉತ್ತರ: ಆಟವನ್ನು ಬೇಕೆಂದೇ ಕಷ್ಟ ಮಾಡಿಕೊಳ್ಳುವ ಬಗೆ ಅದು. ಮುಖ್ಯ ನಿಯಮ ಎರಡೇ. ಹೊಸ ಜಾಗಕ್ಕೆ ಕಾಲಿಟ್ಟಾಗ ಮೊದಲು ಎದುರಾದ ಪೊಕೆಮಾನನ್ನಷ್ಟೇ ಹಿಡಿಯಬಹುದು. ಅದು ತಪ್ಪಿಸಿಕೊಂಡರೆ ಆ ಜಾಗದಲ್ಲಿ ನಿಮಗೆ ಇನ್ನೊಂದಿಲ್ಲ. ಕಾಳಗದಲ್ಲಿ ಮೂರ್ಛೆ ಹೋದದ್ದು ಸತ್ತ ಲೆಕ್ಕ, ಔಷಧ ಕೊಟ್ಟು ಎಬ್ಬಿಸುವಂತಿಲ್ಲ. ಹಿಡಿದದ್ದಕ್ಕೆಲ್ಲ ಹೆಸರಿಡುವ ರೂಢಿಯೂ ಇದೆ. ಹೆಸರಿಟ್ಟು ಸಾಕಿದ್ದನ್ನು ಕಳೆದುಕೊಂಡರೆ ಹೊಟ್ಟೆ ಉರಿಯದೆ ಇರುತ್ತದೆಯೇ? 2010ರಲ್ಲಿ ಆಟಗಾರನೊಬ್ಬ ‘ಪೊಕೆಮಾನ್ ರೂಬಿ’ಯನ್ನು ಹೀಗೆ ಆಡಿ, ತನ್ನ ಪಾಡನ್ನು ಕಾಮಿಕ್ಸ್ ಮಾಡಿ ಅಂತರ್ಜಾಲದಲ್ಲಿ ಹಾಕಿದ, ಅಲ್ಲಿಂದ ಇದು ಹಬ್ಬಿತು. ಮೂಲ ಆಟದಲ್ಲಿ ಈ ನಿಯಮಗಳನ್ನು ಆಡುವವರೇ ನಿಯತ್ತಿನಿಂದ ಪಾಲಿಸಬೇಕು. 2016ರ ‘ಪೊಕೆಮಾನ್ ಯುರೇನಿಯಂ’ನಂಥ ಅಭಿಮಾನಿ ಆಟಗಳಲ್ಲಿ ಆಟವೇ ಕಾವಲು ಕಾಯುತ್ತದೆ, ಕಳ್ಳಾಟ ನಡೆಯದು.

‘ರ‍್ಯಾಂಡಮೈಸರ್’ ಇನ್ನೊಂದು ಬಗೆ: ಎಲ್ಲಿ ಯಾವ ಪೊಕೆಮಾನ್ ಸಿಗುತ್ತದೆ ಎಂಬುದೆಲ್ಲ ಅದಲುಬದಲು. ‘ಇನ್ಫೈನೈಟ್ ಫ್ಯೂಷನ್’ ಎಂಬ ಅಭಿಮಾನಿ ಆಟದಲ್ಲಂತೂ ಒಂದರ ತಲೆಯನ್ನು ಇನ್ನೊಂದರ ಮೈಗೆ ಜೋಡಿಸುವುದೇ ಆಟ, ಅದಕ್ಕೆ ರ‍್ಯಾಂಡಮೈಸರ್ ಸೇರಿದರೆ ಮುಂದೆ ಬರುವುದು ಏನೆಂದು ಊಹಿಸಲೂ ಆಗದು.

ನನ್ನನ್ನು ಕೇಳಿದರೆ, ಮೊದಲ ಸಲ ಸಾದಾ ಆಟವನ್ನೇ ಮುಗಿಸಿ. ನಜ್‌ಲಾಕ್ ಆಮೇಲೆ.