ಕಲಿಯುವ ಕೈಯ ಕಂಬಳಿ ಪೆಟ್ಟಿಗೆ

ಬೆಂಗಳೂರಿನ ಗಾಂಧಿ ಬಜಾರಿನ ಆಸುಪಾಸಿನಲ್ಲಿ ಹಳೆಯ ಮನೆ ಕೆಡವುತ್ತಾರೆಂದರೆ ಬಾಗಿಲು, ತೊಲೆ, ಕಂಬಗಳಿಗೆ ಗಿರಾಕಿಗಳು ಮೊದಲೇ ಬಂದು ಹೋಗಿರುತ್ತಾರೆ. ಅಟ್ಟದ ಮೇಲಿನ ಕಂಬಳಿ ಪೆಟ್ಟಿಗೆಯ ಪಾಡು ಬೇರೆ. ಎತ್ತಲಾರದ ಭಾರ, ಹೊಸ ಫ್ಲ್ಯಾಟಿನಲ್ಲಿ ಜಾಗವಿಲ್ಲ. ಹಲಗೆ ಬಿಚ್ಚಿ ನೀರೊಲೆಗೆ ಹಾಕಿದ್ದೂ ಉಂಟು. ನೋಡಿದರೆ ಹೊಟ್ಟೆ ಉರಿಯುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ: ಇಂಥ ಪೆಟ್ಟಿಗೆಯನ್ನು ನಾವೇ ಮಾಡಬಹುದು ಎಂಬ ಧೈರ್ಯವೇ ಹೋಗಿಬಿಟ್ಟಿದೆ. ಆ ಧೈರ್ಯದ ಜಾಡು ಹಿಡಿದು ಹೋದರೆ ಸಿಗುವುದು ಈ ಬಜಾರಿಗೆ ಹೆಸರಾದ ಗಾಂಧಿಯವರೇ.

1910ರಲ್ಲಿ ಹರ್ಮನ್ ಕಾಲೆನ್‌ಬಾಖ್ ಎಂಬ ವಾಸ್ತುಶಿಲ್ಪಿ ಜೊಹಾನ್ಸ್‌ಬರ್ಗ್ ಹತ್ತಿರ ಸುಮಾರು 1,100 ಎಕರೆ ಜಮೀನು ಕೊಂಡು, ಜೈಲು ಸೇರಿದ ಸತ್ಯಾಗ್ರಹಿಗಳ ಕುಟುಂಬಗಳಿಗೆ ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟರು. ಅದೇ ಟಾಲ್‌ಸ್ಟಾಯ್ ಫಾರ್ಮ್. ಯರವಾಡ ಜೈಲಿನಲ್ಲಿ ಬರೆಯತೊಡಗಿದ ದಕ್ಷಿಣ ಆಫ್ರಿಕಾದ ಸತ್ಯಾಗ್ರಹದ ಚರಿತ್ರೆಯಲ್ಲಿ ಗಾಂಧಿ ಅಲ್ಲಿನ ದಿನಚರಿಯನ್ನು ಮನಸಾರೆ ವರ್ಣಿಸಿದ್ದಾರೆ. ನಲವತ್ತರಷ್ಟು ಯುವಕರು, ಐವರು ಹೆಂಗಸರು, ಇಪ್ಪತ್ತು ಮೂವತ್ತು ಮಕ್ಕಳು. ಮಲಗಲು ಬಯಲು ಜಗಲಿ. ತಲೆಗೆರಡು ಕಂಬಳಿ, ಒಂದು ಹಾಸಲು, ಒಂದು ಹೊದೆಯಲು. ತಲೆಯಡಿಗೆ ಮರದ ದಿಂಬು.

ಮನೆಗಳನ್ನು ಕಟ್ಟುವಾಗ ಗುಜರಾತಿ ಬಡಗಿಯೊಬ್ಬರು ಕೂಲಿ ತೆಗೆದುಕೊಳ್ಳದೆ ದುಡಿದರು. ಆಮೇಲೆ ಬೆಂಚಿನಿಂದ ಹಿಡಿದು ಪೆಟ್ಟಿಗೆಯವರೆಗೆ ಬೇಕಾದದ್ದನ್ನೆಲ್ಲ ಅಲ್ಲಿದ್ದವರೇ ಮಾಡಿಕೊಂಡರು. ಮರಗೆಲಸಕ್ಕೆ ಕಾಲೆನ್‌ಬಾಖರೇ ಮುಖ್ಯಸ್ಥರು. ದೊಡ್ಡ ಆದಾಯ ಬಿಟ್ಟು ಬಂದ ಆ ಮನುಷ್ಯ ಚಪ್ಪಲಿ ಹೊಲಿಯುವುದನ್ನು ಒಂದು ಕ್ರೈಸ್ತ ಮಠಕ್ಕೆ ಹೋಗಿ ಕಲಿತು ಬಂದು ಗಾಂಧಿಗೆ ಕಲಿಸಿದರು. ಮರಗೆಲಸದಲ್ಲಿ ಅವರ ಕರಾರುವಾಕ್ಕುತನಕ್ಕೆ ಗಾಂಧಿ ಮಾರುಹೋಗಿದ್ದರು. ಕಲಿಯುವವರು ಹೊಸಬರೆಂದು ಅಳತೆಯಲ್ಲಿ ರಿಯಾಯಿತಿ ಕೊಡದ ಗುರು ಅವರೆಂದು ನನಗೆ ಅನ್ನಿಸುತ್ತದೆ. ಕಂಬಳಿ, ಪೆಟ್ಟಿಗೆ, ಹೊಸ ಕೈ ಮೂರೂ ಒಂದೇ ಜಗಲಿಯಲ್ಲಿ ಕೂಡಿದ್ದು ಅಲ್ಲಿ.

ಕಾಲೆನ್‌ಬಾಖ್ 1937ರಲ್ಲಿ ಗಾಂಧಿಯನ್ನು ನೋಡಲು ಭಾರತಕ್ಕೆ ಬಂದರು. ಅದೇ ವರ್ಷ ಅಕ್ಟೋಬರಿನಲ್ಲಿ ವಾರ್ಧಾ ಶಿಕ್ಷಣ ಸಮ್ಮೇಳನ ನಡೆಯಿತು. ಅದರಿಂದ ಹುಟ್ಟಿದ ಜಾಕಿರ್ ಹುಸೇನ್ ಸಮಿತಿ, ಶಾಲೆಯಲ್ಲಿ ಕಲಿಸಬೇಕಾದ ಕಸುಬುಗಳಲ್ಲಿ ನೂಲುವುದರ ಜೊತೆಗೆ ಮರಗೆಲಸವನ್ನೂ ಹೆಸರಿಸಿತು. ಮುಂದಿನದು ಬೇಸರದ ಕತೆ. ಕಸುಬಿನ ಮೂಲಕ ಕಲಿಸುವ ಈ ಮೂಲಶಿಕ್ಷಣ ಸೊರಗಿತು. 1977ರ ಈಶ್ವರಭಾಯಿ ಪಟೇಲ್ ಸಮಿತಿಯ ನಂತರ ‘ಸಮಾಜೋಪಯೋಗಿ ಉತ್ಪಾದಕ ಕಾರ್ಯ’ ಎಂಬ ಉದ್ದ ಹೆಸರಿನಲ್ಲಿ ವೇಳಾಪಟ್ಟಿಗೆ ಬಂದದ್ದು ಬಹಳ ಕಡೆ ಅಂಕಪಟ್ಟಿಯಲ್ಲಿ ಉಳಿಯಿತೇ ಹೊರತು ಮಕ್ಕಳ ಕೈಗೆ ಉಳಿ ಬರಲಿಲ್ಲ.

ಇತ್ತ ಗಾಂಧಿ ಬಜಾರಿರುವ ಬಸವನಗುಡಿ. 1898ರ ಪ್ಲೇಗಿನ ದಿನಗಳಲ್ಲಿ ರೂಪುಗೊಂಡ ಈ ಬಡಾವಣೆಯಲ್ಲಿ ಚಳಿಗಾಲಕ್ಕೆ ಕಂಬಳಿ ಬೇಕೇ ಬೇಕಿತ್ತು. ಬೇಸಿಗೆಯಲ್ಲಿ ಅದನ್ನು ಹುಳುವಿನಿಂದ ಕಾಯಬೇಕಿತ್ತು. ಉಣ್ಣೆ ತಿನ್ನುವುದು ನುಸಿಯ ಮರಿಹುಳು. ಕಂಬಳಿಯನ್ನು ಬಿಸಿಲಿಗೆ ಹಾಕಿ, ಕೊಡವಿ, ಬೇವಿನ ಸೊಪ್ಪೋ ಗ್ರಂಧಿಗೆ ಅಂಗಡಿಯ ಲಾವಂಚ, ಬಜೆಯೋ ಮಡಿಕೆಯ ನಡುವೆ ಇಟ್ಟು, ಬಿಗಿಯಾಗಿ ಕೂರುವ ಮುಚ್ಚಳ ಹಾಕುವುದು ಮನೆಮನೆಯ ಪದ್ಧತಿ. ತೇಗ, ಬೀಟೆಯ ಪೆಟ್ಟಿಗೆ ಅನುಕೂಲಸ್ಥರಿಗೆ, ಹಲಸಿನದು ಉಳಿದವರಿಗೆ. ಆಮೇಲೆ ತಗಡಿನ ಟ್ರಂಕು, ಗೋದ್ರೆಜ್ ಬೀರು, ಪ್ಲೈವುಡ್ ಮಂಚದಡಿಯ ಗೂಡು ಬಂದು ಮರದ ಪೆಟ್ಟಿಗೆ ಅಟ್ಟ ಸೇರಿತು.

ಇಂದು ಮೊದಲ ಪೆಟ್ಟಿಗೆ ಮಾಡುವವರು ಬೀಟೆಯ ಆಸೆ ಬಿಡುವುದು ಒಳ್ಳೆಯದು. ಅದು ವಿರಳವಾಗಿದೆ, 2017ರಿಂದ ಬೀಟೆಯ ಇಡೀ ಕುಲವೇ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟಿದೆ. ಕಾಫಿ ತೋಟಗಳ ನೆರಳಿನ ಮರ ಸಿಲ್ವರ್ ಓಕ್ ಸಾಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಕಡಿಯಲು ಅನುಮತಿ ಬೇಡವೆಂದಿರುವ ಮರಗಳಲ್ಲಿ ಅದೂ ಒಂದು. ತೋಪಡ ಹೊಡೆದರೆ ಮೈಯಲ್ಲಿ ಮಿನುಗುವ ಚುಕ್ಕೆಗಳು ಏಳುತ್ತವೆ. ಚೆನ್ನಾಗಿ ಒಣಗಿರಬೇಕು, ಅಷ್ಟೇ.

ಮೂರೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ ಮೊದಲ ಪೆಟ್ಟಿಗೆಗೆ ಹದವಾದ ಅಳತೆ. ಹೊಸಬರ ಗಮನವೆಲ್ಲ ಮೂಲೆಯ ಕಚ್ಚಿನ ಮೇಲೆ. ಪೆಟ್ಟಿಗೆ ಕೆಡುವುದು ತಳ ಮತ್ತು ಮುಚ್ಚಳದಲ್ಲಿ. ಮರ ಉದ್ದಕ್ಕೆ ಹೆಚ್ಚುಕಡಿಮೆ ಅಲುಗುವುದಿಲ್ಲ, ಅಡ್ಡಕ್ಕೆ ಮಾತ್ರ ಉಸಿರಾಡುತ್ತದೆ. ಮಾರ್ಚಿನ ಒಣ ಗಾಳಿಗೆ ಕುಗ್ಗಿದ ಒಂದೂವರೆ ಅಡಿ ಅಗಲದ ಮುಚ್ಚಳ ಆಗಸ್ಟಿನ ತೇವಕ್ಕೆ ಮೂರು ನಾಲ್ಕು ಮಿಲಿಮೀಟರ್ ಹಿಗ್ಗಬಲ್ಲದು. ಆದ್ದರಿಂದ ತಳದ ಹಲಗೆಗೆ ಅಂಟು ಹಾಕಬಾರದು. ಪಕ್ಕದ ಹಲಗೆಗಳಲ್ಲಿ ತೋಡು ತೆಗೆದು ಸಡಿಲವಾಗಿ ಕೂರಿಸಬೇಕು. ಮುಚ್ಚಳದ ಕೆಳಗಿನ ಅಡ್ಡಪಟ್ಟಿಗೆ ಸ್ಕ್ರೂ ತೂತನ್ನು ಉದ್ದುದ್ದ ಕೊರೆಯಬೇಕು. ಇದನ್ನು ಮರೆತು ಎಲ್ಲವನ್ನೂ ಬಿಗಿದರೆ ಮೊದಲ ವರ್ಷದಲ್ಲೇ ಹಲಗೆ ಸೀಳೀತು. ಹೊರಮೈಗೆ ಅರಗಿನ ಪಾಲಿಶ್. ಒಳಗೆ ಬಣ್ಣ, ಎಣ್ಣೆ ಏನೂ ಬೇಡ, ಉಣ್ಣೆ ವಾಸನೆ ಹಿಡಿಯುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಮುಚ್ಚಳ ಧಡಾರನೆ ಬೀಳದಂತೆ ತಡೆ, ಗಾಳಿಯಾಡಲು ಸಂದು, ಇವೆರಡೂ ಕಡ್ಡಾಯ.

ಕಲಿಸುವವರಿಗೆ ನಮ್ಮ ಊರಿನಲ್ಲಿ ಬರವಿಲ್ಲ. ಮೈಸೂರು ಸಂಸ್ಥಾನ 1938ರಲ್ಲಿ ತೆರೆದ ಅರಣ್ಯ ಸಂಶೋಧನಾ ಪ್ರಯೋಗಾಲಯ ಇಂದು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ. ಅಲ್ಲಿ ಮರಗೆಲಸದ ತರಬೇತಿ ಕೇಂದ್ರವೇ ಇದೆ. ತಲೆಮಾರುಗಳ ಅನುಭವದ ಆಚಾರ್ರೂ ಇದ್ದಾರೆ. ಇಲ್ಲದಿರುವುದು ಶಾಲೆಯಲ್ಲಿ ಜಾಗ. ಕಂಪ್ಯೂಟರಿಗೆ ಕೋಣೆ ಒದಗಿಸಿದ ಬಸವನಗುಡಿಯ ಶಾಲೆಗಳು ಎರಡು ಬೆಂಚು, ಕೆಲವು ಗರಗಸ, ಉಳಿ, ಕೊಡತಿ, ಮೂಲೆಮಟ್ಟಗಳಿಗೆ ಒಂದು ಕೋಣೆ ಕೊಡಬೇಕು. ವಾರಕ್ಕೊಮ್ಮೆ ಒಬ್ಬ ಆಚಾರ್ರನ್ನು ಮೇಷ್ಟ್ರ ಗೌರವ, ಮೇಷ್ಟ್ರ ಸಂಬಳದಲ್ಲೇ ಕರೆಸಬೇಕು. ಒಂದು ಮೂಲೆಯನ್ನು ಮಟ್ಟಕ್ಕೆ ತರಲು ಎಷ್ಟು ಹೊತ್ತು ಹಿಡಿಯುತ್ತದೆಂದು ಕೈಯಾರೆ ತಿಳಿದ ಮಗು, ನಾಳೆ ದೊಡ್ಡದಾಗಿ ಬಡಗಿಯ ಕೂಲಿಗೆ ಚೌಕಾಸಿ ಮಾಡಲಾರದು.